ಕಾಲುವೆ ದಾಟದ ನರ್ಸು

ನನ್ನ ಗಂಡನ ಮೈಮೇಲೆ ಮೂರು ಹುಣ್ಣುಗಳಿದ್ದವು. ಒಂದು ಬೆನ್ನೆಲುಬಿನ ಬುಡದಲ್ಲಿ, ನನ್ನ ಅಂಗೈಯಷ್ಟು ಅಗಲ. ಇನ್ನೆರಡು ಸೊಂಟದ ಎರಡು ಬದಿಗೆ. ಎಡಗಡೆಯದರಲ್ಲಿ ಮೂಳೆ ಕಾಣುತ್ತಿತ್ತು. ಸರ್ಕಾರದ ಹಸಿರು ಪುಸ್ತಕದಲ್ಲಿ ಮಾತ್ರ ಆ ಮೂರೂ ಮಾಯುತ್ತಾ ಬಂದಿದ್ದವು. ಆ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದವಳು ನಾನೇ. ಅದಕ್ಕೇ ಇದನ್ನು ನಾನೇ ಹೇಳಬೇಕು.

ನನ್ನ ಹೆಸರು ಝೇವರ್. ನಾವು ಮುಗಾತ್ ಜನ, ಅಲೆಮಾರಿಗಳ ಕುಲ. ಪಟ್ಟಣದವರು ನಮ್ಮನ್ನು ಲ್ಯೂಲಿ ಅನ್ನುತ್ತಾರೆ. ಅವರ ಮಕ್ಕಳು ಅಳು ನಿಲ್ಲಿಸದಿದ್ದರೆ "ಲ್ಯೂಲಿಗೆ ಕೊಟ್ಟುಬಿಡ್ತೀನಿ ನೋಡು" ಎಂದು ಹೆದರಿಸುತ್ತಾರೆ. ಮಗು ತಟ್ಟನೆ ಬಾಯಿ ಮುಚ್ಚುತ್ತದೆ. ಹಾಗೆ ಬಾಯಿ ಮುಚ್ಚಿಕೊಂಡ ಮಕ್ಕಳೇ ಬೆಳೆದು ಡಾಕ್ಟರು, ಪೊಲೀಸರು, ಮೇಷ್ಟ್ರುಗಳು ಆಗುತ್ತಾರೆ. ನಮ್ಮ ಕೇರಿ ಕಾಲುವೆಯ ಈಚೆ. ಆಚೆಗೆ ಪಟ್ಟಣ, ಡಾಂಬರು, ದೀಪದ ಕಂಬ. ನಡುವೆ ಒಂದು ಸೇತುವೆ. ವಾರಕ್ಕೆರಡು ಸಲ ಗುಜರಿ ಕಬ್ಬಿಣ ತುಂಬಿದ ಲಾರಿ ಆ ಸೇತುವೆ ಮೇಲೆ ಹೋಗುತ್ತದೆ. ಸೇತುವೆಗೆ ಇವತ್ತಿನವರೆಗೆ ಏನೂ ಆಗಿಲ್ಲ.

ನನ್ನ ಗಂಡ ಬೋಝೋರ್ ಆ ಲಾರಿಗೆ ಕಬ್ಬಿಣ ಆಯುವವನು. ಮುಚ್ಚಿಹೋದ ಹತ್ತಿ ಕಾರ್ಖಾನೆಯ ಗೋಡೆ ಒಡೆದು ಒಳಗಿನ ಕೊಳವೆ ಕಿತ್ತು, ಕೈಗಾಡಿಯಲ್ಲಿ ತಳ್ಳಿಕೊಂಡು ಬರುತ್ತಿದ್ದ. ಫೆಬ್ರವರಿ ತಿಂಗಳಲ್ಲಿ ಒಂದು ದಿನ ತೊಲೆ ಮುರಿದು ಬೆನ್ನ ಮೇಲೆ ಬಿತ್ತು. ಸೊಂಟದಿಂದ ಕೆಳಗೆ ಜೀವ ಹೋಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು, ವಾರ್ಡಿನಲ್ಲಲ್ಲ, ಓಣಿಯಲ್ಲಿ. ಒಳಗೆ ಮೂರು ಮಂಚ ಖಾಲಿ ಇದ್ದವು. ಅವನ ಹತ್ತಿರ ಕಾಗದಪತ್ರ ಇದ್ದದ್ದರಿಂದ ಅಷ್ಟಾದರೂ ಆಯಿತು. ನಮ್ಮ ಕೇರಿಯಲ್ಲಿ ಅರ್ಧ ಜನಕ್ಕೆ ತಾವು ಹುಟ್ಟಿದ್ದಕ್ಕೂ ಚೀಟಿ ಇಲ್ಲ. ಇವನು ಸೋವಿಯತ್ ಕಾಲದಲ್ಲಿ ಎರಡು ವರ್ಷ ಸೈನ್ಯದಲ್ಲಿ ಕಂದಕ ತೋಡಿದವನು, ಆ ಕಾಗದ ಇತ್ತು.

ಮನೆಗೆ ಕಳಿಸುವ ದಿನ ಒಬ್ಬ ಮುದುಕ ಡಾಕ್ಟರು ಬಂದರು. ಅವರು ಒಳ್ಳೆಯವರು. ನನ್ನ ಮುಖ ನೋಡಿ ಮಾತಾಡಿದರು.

"ಇಲ್ಲಿ ಇನ್ನೇನೂ ಮಾಡೋಕಾಗಲ್ಲ ತಾಯಿ. ಇನ್ಮೇಲೆ ಮನೇನೇ ಆಸ್ಪತ್ರೆ. ನರ್ಸು ಮನೆಗೇ ಬರ್ತಾಳೆ. ಸೋಮವಾರ, ಬುಧವಾರ, ಶುಕ್ರವಾರ. ಮೈ ಒರೆಸಿ, ಮಗ್ಗುಲು ತಿರುಗಿಸಿ, ಹುಣ್ಣಾಗದ ಹಾಗೆ ನೋಡ್ಕೋತಾಳೆ. ಹುಣ್ಣಾದ್ರೆ ತೊಳೆದು ಕಟ್ಟು ಹಾಕ್ತಾಳೆ. ನಿನಗೂ ಕಲಿಸ್ತಾಳೆ."

"ನಮ್ಮ ಹತ್ರ ಕೊಡೋಕೇನೂ ಇಲ್ಲ ಡಾಕ್ಟ್ರೇ."

"ಏನೂ ಕೊಡಬೇಡ. ಇದು ದಾನ ಅಲ್ಲ. ನಿಮ್ಮ ಹಕ್ಕು."

ಆ ಮಾತನ್ನು ಅಲ್ಲಿವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಬೋಝೋರನನ್ನು ಅವನದೇ ಕೈಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ಬಂದೆ. ದಾರಿಯಲ್ಲಿ ಅವನು ಮೇಲೆ ನೋಡುತ್ತಾ ಹೇಳಿದ, "ನನ್ನನ್ನೂ ತೂಕಕ್ಕೆ ಹಾಕು ಝೇವರ್. ತಾಮ್ರ ಇಲ್ಲ ಅಂತ ಮೊದಲೇ ಹೇಳಿಬಿಡು. ಬರೀ ತುಕ್ಕು." ನನಗೆ ನಗು ಬರಲಿಲ್ಲ. ಅವನೇ ನಕ್ಕ.

ನರ್ಸು ಬರುವ ದಿನ ನಾನು ಗೋಡೆಗೆ ಸುಣ್ಣ ಹೊಡೆದೆ. ನೆಲ ಸಾರಿಸಿದೆ. ಪಕ್ಕದ ಮನೆಯ ಓಯ್ದಿನ್ ಹೊಸ ರೊಟ್ಟಿ ಸುಟ್ಟು ಕೊಟ್ಟಳು. ಅವಳ ಅತ್ತೆಯೂ ಚಳಿಗಾಲದಿಂದ ಹಾಸಿಗೆ ಹಿಡಿದಿದ್ದಳು. ನಮ್ಮ ಮನೆಗೆ ಬಂದವಳು ಅವಳ ಮನೆಗೂ ಬಂದಾಳು ಎಂಬ ಆಸೆ ಅವಳಿಗೆ. ನೆಲದ ಮೇಲೆ ಬಟ್ಟೆ ಹಾಸಿ, ರೊಟ್ಟಿ ಇಟ್ಟು, ಚಹಾಕ್ಕೆ ನೀರು ಕಾಯಿಸಿದೆ. ನಮ್ಮಲ್ಲೂ ಅಷ್ಟೆ, ಪಟ್ಟಣದವರಲ್ಲೂ ಅಷ್ಟೆ, ಮನೆಗೆ ಕಾಲಿಟ್ಟವರು ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೋಗುವಂತಿಲ್ಲ. ಹೋದರೆ ಆ ಮನೆಗೆ ಉಗುಳಿದ ಹಾಗೆ. ಪೊಲೀಸರು ಹಿಡಿಯಲು ಬಂದಾಗಲೂ ರೊಟ್ಟಿ ಮುಟ್ಟಿಯೇ ಹಿಡಿದುಕೊಂಡು ಹೋಗುತ್ತಾರೆ.

ಸೇತುವೆಯ ಆಚೆ ಕಾರು ನಿಂತಿತು. ಹಾರ್ನ್ ಹೊಡೆಯಿತು. ನಾನು ಓಡಿದೆ.

ನರ್ಸಿನ ಹೆಸರು ಬುರುಲ್‌ಕಾನ್. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಆದರೂ ನಾನು ಅವಳನ್ನು ಎಜೆ, ಅಂದರೆ ಅಕ್ಕ, ಅಂದೆ. ಅವಳು ನನ್ನನ್ನು ಏನೂ ಅನ್ನಲಿಲ್ಲ. ಕಾರಿನ ಗಾಜು ನಾಲ್ಕು ಬೆರಳು ಇಳಿಸಿದಳು.

"ಹೇಗಿದ್ದಾನೆ?"

"ಮಲಗಿದ್ದಾರೆ ಎಜೆ. ಬನ್ನಿ. ಚಹಾ ಕಾಯ್ತಾ ಇದೆ."

"ಸೇತುವೆ ಗಟ್ಟಿ ಇಲ್ಲ. ಕಾರು ಬರಲ್ಲ."

"ಕಾರು ಬೇಡ. ನೀವು ಬನ್ನಿ. ಐವತ್ತು ಹೆಜ್ಜೆ."

"ಇವತ್ತು ಟೈಮಿಲ್ಲ. ಬೆರಳು ಕೊಡು."

ಗಾಜಿನ ಸಂದಿಯಿಂದ ಶಾಯಿಯ ಡಬ್ಬಿ ಬಂತು. ಹಸಿರು ಪುಸ್ತಕ ಬಂತು. ಒತ್ತಿದೆ. ಎರಡು ಸುರುಳಿ ಬ್ಯಾಂಡೇಜು ಬಂತು. ಬ್ಯಾಂಡೇಜು ತೆಗೆದುಕೊಂಡದ್ದಕ್ಕೆ ಗುರುತು ಅಂದುಕೊಂಡೆ. ನಾನು ಅಕ್ಷರ ಕಲಿತವಳಲ್ಲ. ಶಾಲೆಯಲ್ಲಿ ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದರು, ಅಲ್ಲಿಂದ ಮನೆಗೆ ಕಳಿಸಿದರು.

ಬುಧವಾರವೂ ಹಾಗೇ ಆಯಿತು. ಶುಕ್ರವಾರವೂ ಹಾಗೇ. ಒಂದು ದಿನ ಕಾರು ಕೆಟ್ಟಿದೆ ಅಂದಳು, ಕಾರಿನಲ್ಲಿ ಕೂತೇ. ಇನ್ನೊಂದು ದಿನ ಕೆಸರು ಅಂದಳು. ನಾನು ಒಲೆಯ ಬೂದಿ ತಂದು ಸೇತುವೆಯಿಂದ ಬಾಗಿಲವರೆಗೆ ಸುರಿದು ದಾರಿ ಮಾಡಿದೆ. ಆಮೇಲೆ ಅವಳು ಕಾರಣವನ್ನೇ ಹೇಳಲಿಲ್ಲ. ಗಾಜು, ಪುಸ್ತಕ, ಬೆರಳು, ಬ್ಯಾಂಡೇಜು. ಒಂದು ಕುರಿಯನ್ನು ಎಣಿಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮಾರ್ಚ್ ಕೊನೆಗೆ, ನವ್ರೋಜ್ ಹಬ್ಬದ ಹೊತ್ತಿಗೆ, ಬೋಝೋರನ ಬೆನ್ನಿನ ಬುಡ ಕೆಂಪಾಯಿತು. ನಾನು ಬ್ಯಾಂಡೇಜು ಸುತ್ತಿದೆ. ಕೆಂಪು ಕಪ್ಪಾಯಿತು. ಇನ್ನೂ ಬಿಗಿಯಾಗಿ ಸುತ್ತಿದೆ. ಅದು ತಪ್ಪು ಅಂತ ನನಗೆ ಯಾರು ಹೇಳಬೇಕಿತ್ತು? ಹೇಳಬೇಕಾದವಳು ಕಾರಿನಲ್ಲಿದ್ದಳು. ಅವನಿಗೆ ನೋವು ಗೊತ್ತಾಗುತ್ತಿರಲಿಲ್ಲ, ವಾಸನೆ ಗೊತ್ತಾಗುತ್ತಿತ್ತು. ಸೊಸೆ ಒಬ್ಬಳೇ ಎಷ್ಟು ಮಾಡಿಯಾಳು ಎಂದು ಅತ್ತೆ ನೋರ್‌ಬಿಬಿ ತನ್ನ ಮಂಜುಗಣ್ಣಿನಲ್ಲೇ ಮಗನ ಹೇಲು ಬಳಿಯಲು ಬರುತ್ತಿದ್ದಳು. ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಂಡು "ಅವ್ವಾ, ನೀನು ಹೋಗು. ದಯವಿಟ್ಟು ಹೋಗು" ಅನ್ನುತ್ತಿದ್ದ. ಐವತ್ತೆರಡು ವರ್ಷದ ಗಂಡಸು. ಎಂಟು ಮಣ ಕಬ್ಬಿಣ ಎಳೆದವನು.

ಓಯ್ದಿನ್ ಒಂದು ದಿನ ಹೊಸ್ತಿಲಲ್ಲಿ ಕೂತು ಹೇಳಿದಳು.

"ಅವಳು ಯಾಕೆ ಒಳಗೆ ಬರಲ್ಲ ಅಂತ ನಂಗೊತ್ತು ಕಣೆ. ಬಂದ್ರೆ ರೊಟ್ಟಿ ಮುರೀಬೇಕಲ್ಲ. ನಮ್ಮ ಕೈ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಾ? ಮುರಿದ್ರೆ ಅಸಹ್ಯ, ಮುರೀದಿದ್ರೆ ಪಾಪ. ಅದಕ್ಕೇ ಕಾರಲ್ಲೇ ಕೂರ್ತಾಳೆ."

ನನಗೆ ಅದು ಸರಿಯೆನಿಸಿತು. ನನ್ನ ಮೂರ್ಖತನ ನೋಡಿ. ಅವಳಿಗೆ ಇಷ್ಟು ಚಿಕ್ಕ ತೊಂದರೆ ಇದ್ದದ್ದು ನನಗೇ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಬೇಸರಪಟ್ಟೆ. ಸೋಮವಾರ ಬೆಳಿಗ್ಗೆ ಬಟ್ಟೆ ಮಡಿಚಿಟ್ಟೆ. ರೊಟ್ಟಿಯನ್ನು ಓಯ್ದಿನ್ ಮನೆಗೆ ಸಾಗಿಸಿದೆ. ಚಹಾದ ಬಟ್ಟಲುಗಳನ್ನೂ ಕಣ್ಣಿಗೆ ಕಾಣದ ಹಾಗೆ ಇಟ್ಟೆ. ಅತ್ತೆ ತಡಕಾಡಿ ನೋಡಿ ಬಾಯಿ ಬಿಟ್ಟಳು.

"ರೊಟ್ಟಿ ಎಲ್ಲೇ?"

"ತೆಗೆದಿಟ್ಟೆ."

"ಅತಿಥಿ ಬರೋ ಹೊತ್ತಿಗೆ ರೊಟ್ಟಿ ತೆಗೀತಾರೇನೇ, ಮನೆಹಾಳಿ? ಹೆಣ ಎತ್ತಿದ ಮನೇಲೂ ರೊಟ್ಟಿ ಇರುತ್ತೆ!"

"ನಿಮ್ಮ ಮಗನಿಗೋಸ್ಕರ ತೆಗೆದೆ ಅತ್ತೆ. ಸುಮ್ಮನಿರಿ."

ಹಾರ್ನ್ ಆಯಿತು. ಹೋಗಿ ಗಾಜಿನ ಹತ್ತಿರ ಬಗ್ಗಿದೆ. "ಎಜೆ, ಮನೇಲಿ ರೊಟ್ಟಿ ಇಲ್ಲ. ಚಹಾನೂ ಇಟ್ಟಿಲ್ಲ. ನೀವು ಏನೂ ತಿನ್ನಬೇಕಾಗಿಲ್ಲ, ಏನೂ ಮುಟ್ಟಬೇಕಾಗಿಲ್ಲ. ಬಂದು ಅವರ ಬೆನ್ನು ಮಾತ್ರ ನೋಡಿ ಹೋಗಿ."

ಬುರುಲ್‌ಕಾನ್ ಪುಸ್ತಕ ಚಾಚಿದಳು. ಡ್ರೈವರು ಎರ್ಗೆಶ್ ಸ್ಟೇರಿಂಗ್ ಬಡಿದು ನಕ್ಕ. "ಕೇಳಿದ್ರಾ? ಮನೇಲಿ ರೊಟ್ಟಿ ಇಲ್ಲ ಬನ್ನಿ ಅಂತ ಕರೀತಾಳೆ! ಲ್ಯೂಲಿ ಮರ್ಯಾದೆ ಅಂದ್ರೆ ಇದು!"

ನಾನು ಬೆರಳು ಒತ್ತಿದೆ. ಮನೆಗೆ ಬಂದು ಖಾಲಿ ನೆಲ ನೋಡಿದೆ. ನನ್ನ ಮನೆಯನ್ನು ನಾನೇ ಬೆತ್ತಲೆ ಮಾಡಿ ತೋರಿಸಿದ ಹಾಗಾಯಿತು.

"ಬಂದಳಾ?" ಎಂದು ಬೋಝೋರ್ ಕೇಳಿದ.

"ಶುಕ್ರವಾರ ಬರ್ತಾಳಂತೆ."

"ಅವಳು ಬರಲ್ಲ ಝೇವರ್. ನನಗೆ ಸುಳ್ಳು ಹೇಳಬೇಡ. ಕಾಲು ಸತ್ತಿದೆ, ಕಿವಿ ಸತ್ತಿಲ್ಲ."

ಏಪ್ರಿಲ್‌ನಲ್ಲಿ ಹಿಟ್ಟು ಮುಗಿಯಿತು. ನಾನು ಕೆಲಸಕ್ಕೆ ಹೊರಟೆ. ಪಟ್ಟಣದ ಒಂದು ದೊಡ್ಡ ಮನೆಯಲ್ಲಿ ಒಬ್ಬ ಮುದುಕಿಗೆ ಲಕ್ವ ಹೊಡೆದಿತ್ತು. ಎತ್ತಿ ಇಳಿಸಲು, ತೊಳೆಯಲು ಗಟ್ಟಿಮುಟ್ಟಾದ ಹೆಂಗಸು ಬೇಕಿತ್ತು. ಆ ಮನೆಯ ಸೊಸೆ ಐಚುರೆಕ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಲ್ಯೂಲಿ ಅಂತ ಯಾರಿಗೂ ಹೇಳಬೇಡ. ಗುಡ್ಡದಾಚೆಯ ತಾಜಿಕ್ ಹೆಂಗಸು ಅನ್ನು. ನಿನ್ನ ಹೆಸರು ಮಾವ್ಲ್ಯುದಾ. ತಿಳೀತಾ?"

ತಿಳಿಯಿತು. ನಾನು ಮಾವ್ಲ್ಯುದಾ ಆದೆ. ಬಿಳಿ ಏಪ್ರನ್ ಕೊಟ್ಟಳು. ತಲೆಗೆ ಬಿಳಿ ಬಟ್ಟೆ. ಮುದುಕಿಯ ಹೇಲು ಉಚ್ಚೆ ಬಳಿದೆ. ಅವಳ ಬಾಯಿಗೆ ಚಮಚದಲ್ಲಿ ಗಂಜಿ ಇಟ್ಟೆ. ನನ್ನ ಕೈ ಆ ಮನೆಯಲ್ಲಿ ಯಾರಿಗೂ ಹೊಲಸು ಆಗಲಿಲ್ಲ. ಹೆಸರು ಬದಲಾದರೆ ಕೈಯೂ ತೊಳೆದುಹೋಗುತ್ತದೆ.

ಮೂರನೆಯ ದಿನ, ಮಂಗಳವಾರ, ಬಾಗಿಲಲ್ಲಿ ಬುರುಲ್‌ಕಾನ್ ನಿಂತಿದ್ದಳು.

ಈಗ ಗುರುತಿಸುತ್ತಾಳೆ, ಈಗ ಹೇಳುತ್ತಾಳೆ ಎಂದು ಗೋಡೆಗೆ ಅಂಟಿಕೊಂಡೆ. ಅವಳು ಬಾಗಿಲಲ್ಲಿ ಶೂ ಬಿಚ್ಚಿದಳು. "ಸಲಾಂ ಅಪಾ, ಹೇಗಿದ್ದೀರಿ ನನ್ನ ಬಂಗಾರ?" ಎಂದು ಮುದುಕಿಯ ಕೆನ್ನೆ ಸವರಿದಳು. ಅಪಾ ಅಂದರೆ ಅವ್ವ. ನನ್ನ ಕಡೆ ಕೈ ಚಾಚಿ ಟವೆಲ್ ಇಸಕೊಂಡಳು. ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆರು ವಾರ ಅವಳು ನೋಡಿದ್ದು ನನ್ನ ಹೆಬ್ಬೆಟ್ಟನ್ನು ಮಾತ್ರ.

ಆ ದಿನ ನಾನು ನೋಡಿದೆ, ಮನೆಗೆ ನರ್ಸು ಬರುವುದು ಅಂದರೆ ಏನು ಎಂದು. ಅವಳು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು. ಒಂದು ಕೈ ಮುದುಕಿಯ ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಎಳೆಯಲಿಲ್ಲ, ಉರುಳಿಸಿದಳು. ಮಂಡಿಗಳ ನಡುವೆ ದಿಂಬು ಇಟ್ಟಳು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಬಟ್ಟೆಯ ಸುರುಳಿ ಇಟ್ಟಳು. ಸೊಂಟದ ಮೇಲೆ ಒಂದು ಕೆಂಪು ಕಲೆ, ಹುರುಳಿಕಾಳಿನಷ್ಟು. ಅದಕ್ಕೆ ಅವಳು ಗಾಬರಿಯಾದಳು.

"ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಬೇಕು. ಗಡಿಯಾರ ನೋಡ್ಕೊಂಡು. ಕೆಂಪಾದ ಜಾಗದ ಮೇಲೆ ಮಲಗಿಸಲೇಬಾರದು. ಬಿಗಿಯಾಗಿ ಏನೂ ಕಟ್ಟಬಾರದು. ಕಪ್ಪಾಯ್ತೋ, ಕೈ ಮೀರಿತು. ಮಾವ್ಲ್ಯುದಾ, ಬಾ, ನೀನು ಹಿಡಿದು ತೋರಿಸು."

ನಾನು ಹಿಡಿದೆ. ಉರುಳಿಸಿದೆ.

"ಭೇಷ್. ನಿನಗೆ ಕೈ ಇದೆ. ಎಲ್ಲಿ ಕಲಿತೆ?"

"ಈಗ ಕಲೀತಿದೀನಿ ಎಜೆ."

ಕೆಲಸ ಮುಗಿದ ಮೇಲೆ ಹಸಿರು ಪುಸ್ತಕ ತೆಗೆದಳು. ಅದೇ ಪುಸ್ತಕ. ತಾನು ಮಾಡಿದ್ದನ್ನೆಲ್ಲ ಬರೆಯುತ್ತಾ ಗಟ್ಟಿಯಾಗಿ ಓದಿದಳು, ಸೊಸೆ ಕೇಳಿಸಿಕೊಂಡು ಸಹಿ ಮಾಡಿದಳು. ಆಮೇಲೆ ಬುರುಲ್‌ಕಾನ್ ಊಟದ ಬಟ್ಟೆಯ ಮುಂದೆ ಕೂತಳು. ಚಹಾ ಬಗ್ಗಿಸಿದವಳು ನಾನು. ರೊಟ್ಟಿ ಮುರಿದು ಅವಳ ಮುಂದೆ ಇಟ್ಟವಳು ನಾನು. ಅವಳು ಎರಡು ಚೂರು ತಿಂದಳು, ಬೆಣ್ಣೆ ಹಚ್ಚಿಕೊಂಡು. ನನ್ನ ಕೈ ರೊಟ್ಟಿ ಅವಳ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ನಾನು ಹಿತ್ತಲಿಗೆ ಹೋಗಿ ನಲ್ಲಿ ಹಿಡಿದುಕೊಂಡು ನಿಂತೆ. ಬೋಝೋರನ ಬೆನ್ನು ಆಗಲೇ ಕಪ್ಪಾಗಿತ್ತು.

ಮಾರನೆಯ ದಿನ ಬುಧವಾರ. ಕೆಲಸಕ್ಕೆ ಹೋಗಲಿಲ್ಲ. ಹಾರ್ನ್ ಆಯಿತು, ಸೇತುವೆ ದಾಟಿದೆ. ಗಾಜು ಇಳಿಯಿತು, ಪುಸ್ತಕ ಬಂತು.

"ಇದರಲ್ಲಿ ಏನು ಬರೆದಿದೆ ಎಜೆ?"

"ಏನಿರುತ್ತೆ? ಬ್ಯಾಂಡೇಜು ಕೊಟ್ಟಿದ್ದು. ಒತ್ತು ಬೇಗ."

ನಾನು ಪುಸ್ತಕ ಕಿತ್ತುಕೊಂಡು ಆ ಬದಿಯ ಕಿಟಕಿಯಲ್ಲಿ ಡ್ರೈವರಿಗೆ ಕೊಟ್ಟೆ. "ಎರ್ಗೆಶಣ್ಣ, ನೀನು ಓದು."

ಅವನಿಗೆ ಓದು ಬರುತ್ತದೆ ಎಂದು ತೋರಿಸುವ ಚಪಲ. ಯೋಚನೆ ಮಾಡದೆ ಓದಿಬಿಟ್ಟ. "ಮನೆಗೆ ಭೇಟಿ ಕೊಡಲಾಯಿತು. ಹುಣ್ಣನ್ನು ತೊಳೆದು ಕಟ್ಟಲಾಯಿತು. ರೋಗಿಯನ್ನು ಮಗ್ಗುಲು ತಿರುಗಿಸಲಾಯಿತು. ಮನೆಯವರಿಗೆ ಕಲಿಸಲಾಯಿತು. ಹುಣ್ಣು ಮಾಯುತ್ತಿದೆ." ಕೊನೆಯ ಸಾಲಿಗೆ ಬರುವಾಗ ಅವನ ದನಿ ಇಳಿದಿತ್ತು.

ನನ್ನ ಹೆಬ್ಬೆಟ್ಟು ಒಂದೂವರೆ ತಿಂಗಳಿಂದ ಅದನ್ನೇ ಹೇಳುತ್ತಿತ್ತು. ನನ್ನ ಗಂಡ ಕೊಳೆಯುತ್ತಿದ್ದ, ನನ್ನ ಹೆಬ್ಬೆಟ್ಟು ಅವನು ವಾಸಿಯಾಗುತ್ತಿದ್ದಾನೆ ಎಂದು ಸಾಕ್ಷಿ ಹೇಳುತ್ತಿತ್ತು.

"ಒತ್ತಲ್ಲ" ಅಂದೆ.

"ಏನಂದೆ?"

"ಒತ್ತಲ್ಲ. ಒಳಗೆ ಬಾ. ನಿನ್ನೆ ಆ ಅಪಾಗೆ ಮಾಡಿದ್ದನ್ನ ಇವನಿಗೂ ಮಾಡು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ. ಆಮೇಲೆ ಒತ್ತುತ್ತೀನಿ."

ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. ನೋಡಿ, ತನ್ನ ಕೈಯನ್ನು ತುಟಿಗೆ ತಂದು, ನಿನ್ನೆಯ ರೊಟ್ಟಿ ಇನ್ನೂ ಅಂಟಿದೆಯೇನೋ ಎಂಬಂತೆ ಒರೆಸಿಕೊಂಡಳು. ಬೇಕೆಂದು ಮಾಡಿದ್ದಲ್ಲ, ಕೈ ತಾನೇ ಹೋಯಿತು. ಬೈದಿದ್ದರೆ ನಾನು ಮರೆಯುತ್ತಿದ್ದೆ. ಅದನ್ನು ಮರೆತಿಲ್ಲ.

ಗುರುವಾರ ಐಚುರೆಕ್ ನನ್ನನ್ನು ಗೇಟಿನಲ್ಲೇ ತಡೆದಳು. ನಾನು ಮುಟ್ಟಿದ ಬಟ್ಟಲುಗಳು ಕಸದ ತೊಟ್ಟಿಯ ಪಕ್ಕ ರಾಶಿ ಬಿದ್ದಿದ್ದವು. ಒಳಗಿನಿಂದ ಮುದುಕಿ ಮಾವ್ಲ್ಯುದಾ, ಮಾವ್ಲ್ಯುದಾ ಎಂದು ತೊದಲುತ್ತಿದ್ದಳು. ಅವಳಿಗೆ ನಾನು ಬೇಕಿತ್ತು. ಅವಳ ಮಾತನ್ನೂ ಯಾರೂ ಕೇಳಲಿಲ್ಲ.

ಅವತ್ತಿನಿಂದ ಕಾರು ಬರುವುದು ನಿಂತಿತು. ಬ್ಯಾಂಡೇಜೂ ನಿಂತಿತು. ನಾನು ಮದುವೆಯ ಹಾಸುಬಟ್ಟೆ ಹರಿದು ಕುದಿಸಿ, ಉಪ್ಪುನೀರಿನಲ್ಲಿ ಹುಣ್ಣು ತೊಳೆದೆ. ಎರಡು ಗಂಟೆಗೊಂದು ಸಲ ಅವನನ್ನು ಉರುಳಿಸಿದೆ. ಗಡಿಯಾರ ಇರಲಿಲ್ಲ. ಬಾಗಿಲ ನೆರಳು ನೋಡಿಕೊಂಡು ಉರುಳಿಸಿದೆ. ನನ್ನ ಸೊಂಟ ಬಿತ್ತು, ಮಣಿಕಟ್ಟು ಊದಿತು. ಕೊಳೆತ ಮಾಂಸವನ್ನು ಕುದಿಸಿದ ಕತ್ತರಿಯಿಂದ ನಾನೇ ಕತ್ತರಿಸಿದೆ. ಅವನು ಹಾಡು ಗುನುಗುತ್ತಿದ್ದ, ನನಗೆ ಹೆದರಿಕೆ ಆಗದಿರಲಿ ಎಂದು. ಬಲಗಡೆಯ ಹುಣ್ಣಿನ ಅಂಚು ಸ್ವಲ್ಪ ಗುಲಾಬಿ ಬಣ್ಣಕ್ಕೆ ಬಂತು. ಆ ದಿನ ನಾನೂ ಓಯ್ದಿನ್ನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು. ಆದರೆ ಎಡಗಡೆಯದು ಮೂಳೆ ಮುಟ್ಟಿತ್ತು.

ಆಸ್ಪತ್ರೆಗೆ ಹೋದೆ. ಮುದುಕ ಡಾಕ್ಟರು ಕೆಲಸ ಬಿಟ್ಟಿದ್ದರು. ಕಿಟಕಿಯಲ್ಲಿ ಕೂತ ಹೆಂಗಸು ಹಸಿರು ಪುಸ್ತಕ ತೆರೆದು ನೋಡಿ ಹೇಳಿದಳು, "ನಿಮ್ಮನೆಗೆ ನರ್ಸು ಬರ್ತಾ ಇದ್ದಾಳಲ್ಲಮ್ಮ. ಮೊನ್ನೆನೂ ಬಂದಿದ್ದಾಳೆ, ಇಲ್ಲಿ ಬರೆದಿದೆ."

ಹುಣ್ಣು ಅವನ ರಕ್ತಕ್ಕೆ ಇಳಿಯಿತು. ಜ್ವರ ಏರಿತು. ಒಂದು ಮಧ್ಯಾಹ್ನ ಅವನು ಹೇಳಿದ, "ನೀನು ಬೆರಳು ಒತ್ತಿದ್ದಿದ್ರೆ ಬ್ಯಾಂಡೇಜಾದ್ರೂ ಸಿಗ್ತಿತ್ತು ಅಂತ ಅವ್ವ ಅಂತಾಳೆ."

"ನೀನೇನಂತೀಯ?"

ಅವನು ಮುಖವನ್ನು ನನ್ನ ಕಡೆ ತಿರುಗಿಸಿದ. "ನಾನು ತೂಕದಲ್ಲಿ ಮೋಸ ಮಾಡಿದವನಲ್ಲ ಝೇವರ್. ನನ್ನ ಮೈ ಬಗ್ಗೆ ಸುಳ್ಳು ಬರೀಬಾರದು."

ಜುಲೈ ತಿಂಗಳ ನಡುವೆ, ಬೆಳಕು ಹರಿಯುವ ಹೊತ್ತಿಗೆ ಬೋಝೋರ್ ಸತ್ತ.

ಹೆಣ ಹೂಳಲು ಸಾವಿನ ಚೀಟಿ ಬೇಕು. ಚೀಟಿ ಇಲ್ಲದೆ ಖಬರಸ್ತಾನದ ಕಾವಲುಗಾರ ಗುದ್ದಲಿ ಇಳಿಸಲು ಬಿಡುವುದಿಲ್ಲ. ಓಯ್ದಿನ್ ಗಂಡ ಓಡಿಹೋಗಿ ಹೇಳಿ ಬಂದ. ಬಿಸಿಲು ಏರುವಾಗ ಸೇತುವೆಯ ಆಚೆ ಕಾರು ನಿಂತಿತು. ಹಾರ್ನ್ ಆಯಿತು. ಸತ್ತ ಮನೆಗೂ ಹಾರ್ನ್.

ನಾನು ಹೋದೆ. ಬುರುಲ್‌ಕಾನ್ ಈ ಸಲ ಕೆಳಗೆ ಇಳಿದು ನಿಂತಿದ್ದಳು. ಒಂದು ಕೈಯಲ್ಲಿ ಚೀಟಿ, ಒಂದು ಕೈಯಲ್ಲಿ ಪುಸ್ತಕ.

"ದೇವರು ಅವನಿಗೆ ಜಾಗ ಕೊಡಲಿ" ಅಂದಳು. "ಇದರಲ್ಲಿ ಖಾಲಿ ಬಿಟ್ಟ ಜಾಗ ಎಲ್ಲ ಒತ್ತಿಬಿಡು. ರಾಜಧಾನಿಯಿಂದ ತಪಾಸಣೆ ಬರ್ತಿದೆ. ಒತ್ತು, ಚೀಟಿ ತಗೋ, ಮಣ್ಣು ಮಾಡಿ."

"ಅವನನ್ನ ನೋಡದೆ ಅವನು ಸತ್ತಿದ್ದಾನೆ ಅಂತ ಹೇಗೆ ಬರೀತೀಯ?"

"ಬರೀತೀನಿ. ನೀನು ಒತ್ತು."

"ಬಂದು ನೋಡಿ ಬರಿ."

ಹಿಂದೆ ಕೇರಿಯೇ ಬಂದು ನಿಂತಿತ್ತು. ಹೆಣ ತೊಳೆಯುವ ಮುದುಕ ಮಾಮರಜಬ್ ನನ್ನ ಪಕ್ಕಕ್ಕೆ ಬಂದ. "ಮಗಳೇ, ಬಿಸಿಲು ನೋಡು. ಸರತಾನ್ ಬಿಸಿಲು, ವರ್ಷದಲ್ಲೇ ಸುಡುವ ಬಿಸಿಲು. ಹೆಣ ಕಾಯಬಾರದು. ಎಷ್ಟೋ ಸಲ ಒತ್ತಿದೀಯ, ಇವತ್ತೊಂದು ದಿನ ಒತ್ತಿಬಿಡು. ಪಾಪ ನಿನ್ನ ತಲೆಗೆ ಬರುತ್ತೆ."

"ಬರಲಿ ತಾತ. ನನ್ನ ತಲೆ ಇನ್ಯಾಕಿದೆ?"

ಒಳಗೆ ಅವನು ಮಲಗಿದ್ದ, ನೊಣ ಓಡಿಸುತ್ತಾ ಅತ್ತೆ ಕೂತಿದ್ದಳು. ಒಂದು ಬೆರಳು. ಒತ್ತಿದರೆ ಅವನು ಮಣ್ಣಿನ ತಂಪಿಗೆ ಹೋಗುತ್ತಾನೆ. ನನ್ನ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅದು ನನ್ನ ಮಾತು ಕೇಳದೆ ಪುಸ್ತಕಕ್ಕೆ ಹೋಗಿಬಿಡುತ್ತದೆ ಎಂಬ ಭಯ ನನಗೆ.

ಬುರುಲ್‌ಕಾನ್ ದನಿ ತಗ್ಗಿಸಿದಳು. "ನನ್ನ ಕೆಲಸ ಹೋಗುತ್ತೆ. ನಂಗೂ ಮಕ್ಕಳಿದ್ದಾರೆ. ಅರವತ್ತು ಮನೆ, ನಾನೊಬ್ಬಳು. ಆ ಕೇರಿಗೆ ಕಾಲಿಡಬೇಡ, ಕ್ಷಯ, ಹೇನು, ಕಳ್ಳತನ ಅಂತ ಮೊದಲ ದಿನವೇ ಹೇಳಿದ್ರು. ಎಲ್ಲರೂ ಹಾಗೇ ಮಾಡ್ತಾ ಬಂದಿದ್ದಾರೆ. ನಾನೊಬ್ಬಳೇ ಮಾಡಿದ್ದಲ್ಲ."

"ನಂಗೆ ಎಲ್ಲರೂ ಬೇಡ. ನೀನು ಬಾ."

ನಾನು ಸೇತುವೆಯ ಮೇಲೆ ಕುಳಿತೆ. ಓಯ್ದಿನ್ ಬಂದು ಪಕ್ಕದಲ್ಲಿ ಕುಳಿತಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಳಿತರು. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅಳಬೇಕು, ಅದು ನಮ್ಮ ಪದ್ಧತಿ. ಯಾರೂ ಅಳಲಿಲ್ಲ. ಕಾಲುವೆಯ ನೀರು ಹರಿಯುವುದು ಕೇಳುತ್ತಿತ್ತು. ಎರ್ಗೆಶ್ ಹಾರ್ನ್ ಮೇಲೆ ಕೈ ಇಡಲು ಹೋಗಿ ತೆಗೆದ. ಎಷ್ಟು ಹೊತ್ತು ಆಯಿತೋ. ನೆರಳು ಕಾಲಡಿಗೆ ಬಂತು.

ಬುರುಲ್‌ಕಾನ್ ಕಾರಿನ ಬಾಗಿಲು ತೆರೆದಳು. ಹತ್ತಿ ಹೋಗುತ್ತಾಳೆ ಎಂದುಕೊಂಡೆ. ತನ್ನ ಚೀಲ ತೆಗೆದುಕೊಂಡು ಬಾಗಿಲು ಹಾಕಿದಳು. ಹೆಂಗಸರು ಮೊಣಕಾಲು ಮಡಿಚಿ ದಾರಿ ಬಿಟ್ಟರು. ಅವಳು ಸೇತುವೆ ದಾಟಿದಳು. ಐವತ್ತು ಹೆಜ್ಜೆಯೂ ಇರಲಿಲ್ಲ.

ಹೊಸ್ತಿಲಲ್ಲಿ ಶೂ ಬಿಚ್ಚಿದಳು. ಒಳಗಿನ ವಾಸನೆಗೆ ಒಂದು ಕ್ಷಣ ನಿಂತಳು, ಆದರೆ ಮೂಗು ಮುಚ್ಚಲಿಲ್ಲ. ನಾನು ಬಟ್ಟೆ ಸರಿಸಿದೆ. ಭುಜದ ಕೆಳಗೆ ಕೈ ಹಾಕಿ, ಸೊಂಟದ ಕೆಳಗೆ ಕೈ ಹಾಕಿ ಅವನನ್ನು ಮಗ್ಗುಲಿಗೆ ಉರುಳಿಸಿದೆ.

ಅವಳು ನೋಡಿದಳು.

"ಯಾವಾಗಿಂದ?" ಎಂದು ಕೇಳಿದಳು. ಅಭ್ಯಾಸದ ಬಲ.

"ನಿನ್ನ ಪುಸ್ತಕದಲ್ಲಿ ನೋಡು."

ಅವಳು ಮಂಡಿಯೂರಿ ಕುಳಿತಳು. ಕಿಟಕಿಯ ಕಟ್ಟೆಯ ಮೇಲೆ ಚೀಟಿ ಇಟ್ಟು ಬರೆದು ಸಹಿ ಹಾಕಿದಳು. ಪುಸ್ತಕ ತೆಗೆಯಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವಳು ಚೀಲ ಬಿಚ್ಚಿದಳು. ಕೈಗವಸು ಹಾಕಿಕೊಂಡಳು. ಬಾಟಲಿಯ ನೀರು, ಹತ್ತಿ, ಸಣ್ಣ ಚಿಮಟ ತೆಗೆದಳು. ಎಡಗಡೆಯ ಹುಣ್ಣನ್ನು ತೊಳೆಯತೊಡಗಿದಳು. ಒಳಗಿಂದ ಹೊರಗೆ, ಒಳಗಿಂದ ಹೊರಗೆ. ಮಾಮರಜಬ್ ನನ್ನನ್ನು ನೋಡಿದ.

"ತಾಯೀ" ಎಂದು ಅವಳಿಗೆ ಮೆಲ್ಲಗೆ ಹೇಳಿದ. "ಹೆಣಕ್ಕೆ ನೀರು ಕಾದಿದೆ. ಇನ್ನು ಅದು ನಮ್ಮ ಕೆಲಸ."

ಅವಳಿಗೆ ಕೇಳಿಸಲಿಲ್ಲ. ಅಂಚು ಒರೆಸಿದಳು. ಬಟ್ಟೆ ಮಡಿಚಿ ಇಟ್ಟಳು. ಬಿಗಿ ಮಾಡದೆ, ಗಾಳಿಯಾಡುವ ಹಾಗೆ. ಎಷ್ಟು ಚೆನ್ನಾಗಿ ಮಾಡಿದಳು! ಆ ಕೈಗೆ ಎಲ್ಲ ಗೊತ್ತಿತ್ತು. ಮಾರ್ಚ್ ತಿಂಗಳಲ್ಲಿ ಹುರುಳಿಕಾಳಿನಷ್ಟು ಕೆಂಪಿದ್ದಾಗ ಆ ಕೈ ಬಂದಿದ್ದರೆ ಅವನು ಈಗ ಮಲಗಿಕೊಂಡೇ ನನ್ನನ್ನು ಗೇಲಿ ಮಾಡುತ್ತಿದ್ದ. ಬೆಳಗಿನಿಂದ ಬಾರದ ಅಳು ನನಗೆ ಆಗ ಬಂತು. ಗೋಡೆಗೆ ತಲೆ ಹೊಡೆದುಕೊಂಡು ಅತ್ತುಬಿಟ್ಟೆ. ಅತ್ತೆ ನೋರ್‌ಬಿಬಿ ತಡಕಾಡಿ ಬಂದು ನನ್ನ ತಲೆ ಹಿಡಿದಳು.

ಬುರುಲ್‌ಕಾನ್ ಎರಡನೆಯ ಹುಣ್ಣಿಗೆ ಬ್ಯಾಂಡೇಜು ಬಿಚ್ಚಿದಳು. ನಾನು ಕಣ್ಣು ಒರೆಸಿಕೊಂಡು ಅವಳ ಮಣಿಕಟ್ಟು ಹಿಡಿದೆ.

"ಸಾಕು ತಂಗಿ. ಇವನಿಗೆ ಸಾಕು."

ಅವಳ ಕೈಯಿಂದ ಬ್ಯಾಂಡೇಜಿನ ಸುರುಳಿ ತೆಗೆದುಕೊಂಡು ಅವಳ ಚೀಲಕ್ಕೇ ಹಾಕಿದೆ.

"ಪಕ್ಕದ ಮನೆ. ನೀಲಿ ಬಾಗಿಲು. ಓಯ್ದಿನ್‌ಳ ಅತ್ತೆ ಚಳಿಗಾಲದಿಂದ ಮಲಗಿದ್ದಾಳೆ. ಅವಳ ಬೆನ್ನು ಇನ್ನೂ ಕಪ್ಪಾಗಿಲ್ಲ. ಎದ್ದೇಳು, ಅಲ್ಲಿಗೆ ನಡಿ."

ಅವಳು ಎದ್ದಳು. ಓಯ್ದಿನ್ ಮುಂದೆ ಹೋದಳು, ಬುರುಲ್‌ಕಾನ್ ಹಿಂದೆ ಹೋದಳು. ನಾನು ಬಾಗಿಲಿಗೆ ಹೋಗಿ ನೋಡಲಿಲ್ಲ. ಮಾಮರಜಬ್ ಒಬ್ಬನಿಂದ ಆಗುವ ಕೆಲಸವಲ್ಲ ಅದು, ಬೋಝೋರ್ ಭಾರದ ಮನುಷ್ಯ. ಅವನನ್ನು ಅಂಗಾತ ಮಲಗಿಸಲು ನಾನೂ ಕೈ ಹಾಕಿದೆ.